ಸೀತಾಫಲ ಯಾವೂರಿನ ಹಣ್ಣು?

ಇವತ್ತಿನ ಕಥೆ ಅಷ್ಟೂರಿನಿಂದ ಶುರು. ಬೀದರ್ ಪಕ್ಕದಲ್ಲೇ ಇರುವ, ಬಹಮನಿ ಸುಲ್ತಾನರ ಗೋರಿಗಳ ಊರು.

‘ಬೀದರ್‌ದಾಗ ಸೇಬು ಬೆಳೀತದೇನ್ರಿ?’ ಅಂತ ಯಾರಾದರೂ ಕೇಳಿದರೆ ನಗು ಬರುತ್ತೆ. ಸೇಬಿಗೆ ಚಳಿ ಬೇಕು, ನಮ್ಮಲ್ಲಿರೋದು ಬಿಸಿಲು. ಆದರೆ ಇಂಗ್ಲಿಷರು ‘ಕಸ್ಟರ್ಡ್ ಆ್ಯಪಲ್’ ಅಂದ ಹಣ್ಣು ನಮ್ಮ ಗುಡ್ಡದಲ್ಲಿ, ಹೊಲದ ಬದುವಿನಲ್ಲಿ ತಾನೇ ಬೆಳೆಯುತ್ತೆ. ಅದೇ ಸೀತಾಫಲ.

ಹೆಸರು ಕೇಳಿದರೆ ರಾಮಾಯಣದ ಕಾಲದ್ದು ಅನ್ನಿಸುತ್ತೆ, ಅಲ್ವಾ? ಈಗ ಲೆಕ್ಕ ಹಾಕಿ. ಬೀದರನ್ನು ರಾಜಧಾನಿ ಮಾಡಿದ ಅಹ್ಮದ್ ಶಾ ತೀರಿಕೊಂಡದ್ದು 1436ರಲ್ಲಿ. ಕೊಲಂಬಸ್ ಕೆರಿಬಿಯನ್ ದ್ವೀಪ ಮುಟ್ಟಿದ್ದು 1492ರಲ್ಲಿ. ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಸೀತಾಫಲದ ತವರು ಅಮೆರಿಕದ ಬಿಸಿಲು ನಾಡು; ಅದು ಪೋರ್ಚುಗೀಸರ ಹಡಗಿನಲ್ಲಿ ಬಂತು ಅನ್ನೋದು ಹೆಚ್ಚಿನ ಸಸ್ಯತಜ್ಞರ ಮಾತು. ಅಂದರೆ ಅಷ್ಟೂರಿನ ಆ ಗೋರಿ ಈ ಹಣ್ಣಿಗಿಂತ ಹಳೆಯದು! ಅಹ್ಮದ್ ಶಾನ ಅಡುಗೆಮನೆಯಲ್ಲಿ ಹಸಿಮೆಣಸಿನಕಾಯಿಯೂ ಇರಲಿಲ್ಲ. ಅದೂ ಅಲ್ಲಿಂದಲೇ ಬಂದದ್ದು.

ಇದಕ್ಕೆ ತಕರಾರೂ ಇದೆ. 19ನೇ ಶತಮಾನದಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್, ಭಾರ್ಹುತ್‌ನ ಹಳೆಯ ಶಿಲ್ಪಗಳಲ್ಲಿ ಸೀತಾಫಲ ಇದೆ ಅಂದಿದ್ದರು. ಆದರೆ ಈ ಗಿಡದ ಬಳಗದ ಬಹುಪಾಲು ಇರೋದು ಅಮೆರಿಕದಲ್ಲೇ.

ಹೊರಗಿನದು ಇಲ್ಲಿ ಹೇಗೆ ಬೇರು ಬಿಟ್ಟಿತು? ಕಲ್ಲುನೆಲ, ಕಡಿಮೆ ಮಳೆ ಇದಕ್ಕೆ ಸಾಕು. ಬೇಸಿಗೆಯಲ್ಲಿ ಎಲೆ ಉದುರಿಸಿ ಸುಮ್ಮನಿರುತ್ತೆ. ಎಲೆ ಕಹಿ, ಆಡು ಬಾಯಿ ಹಾಕಲ್ಲ. ಜನ ಸೀತೆಯ ಹೆಸರಿಟ್ಟರು, ಅದರ ನೆಂಟ ಹಣ್ಣಿಗೆ ರಾಮಫಲ ಅಂದರು. ಮನೆ ಮಕ್ಕಳಾದವು. ಅಷ್ಟೂರಿನವರಿಗೆ ಇದು ಹೊಸದಲ್ಲ: ಅಹ್ಮದ್ ಶಾನನ್ನು ಕೆಲವರು ವಲಿ ಅಂತಾರೆ, ಕೆಲವರು ಅಲ್ಲಮಪ್ರಭು ಅಂತಾರೆ, ಉರುಸಿಗೆ ಇಬ್ಬರೂ ಬರ್ತಾರೆ.

ಇವತ್ತು ತೋಟಗಳಲ್ಲಿ ಹೆಸರಿರುವ ತಳಿಗಳಿವೆ: ತೆಲಂಗಾಣದ ಬಾಲಾನಗರ, ಬೆಂಗಳೂರಿನ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸಹನ್. ಬದುವಿನ ಗಿಡಕ್ಕೆ ಹೆಸರಿಲ್ಲ. ಆದರೆ ಬೀಜದಿಂದ ಹುಟ್ಟಿದ ಗಿಡ ತಾಯಿಯಂತೆಯೇ ಇರಬೇಕೆಂದಿಲ್ಲ. ಒಂದು ಸಿಹಿ, ಒಂದರಲ್ಲಿ ಬೀಜ ಜಾಸ್ತಿ, ಒಂದರ ತಿರುಳು ದಪ್ಪ. ಅದನ್ನು ಕಡಿದರೆ ಆ ರುಚಿ ಮತ್ತೆ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ.

‘ನಮ್ಮದು’ ಅಂದರೆ ಇಲ್ಲೇ ಹುಟ್ಟಿದ್ದು ಅಂತಲೇ ಅಲ್ಲ, ನಾವು ಉಳಿಸಿಕೊಂಡದ್ದು ಕೂಡ. ನಿಮ್ಮ ಹೊಲದ ಬದುವಿನಲ್ಲಿ ಅಂಥ ಗಿಡ ಅದಾ? ಅಜ್ಜಿಯನ್ನ ಕೇಳಿ ನೋಡ್ರಿ. ಮುಂದಿನ ವಾರ ಸಿಗೋಣ.