ಸೂಜಿಯಲ್ಲಿ, ಒಲೆಯಲ್ಲಿ ಉಳಿದ ಚರಿತ್ರೆ

ನಮ್ಮ ಕಾರವಾರ ಧರ್ಮಪ್ರಾಂತ್ಯವು ಬೆಳಗಾವಿಯಿಂದ ಬೇರ್ಪಟ್ಟು ಸ್ಥಾಪನೆಯಾದದ್ದು 1976ರಲ್ಲಿ. ಆದರೆ ಕಾರವಾರ, ಅಂಕೋಲಾ ಮತ್ತು ಘಟ್ಟದ ಮೇಲಿನ ಕ್ರೈಸ್ತ ಕುಟುಂಬಗಳ ಚರಿತ್ರೆ ಅದಕ್ಕಿಂತ ಬಹಳ ಹಳೆಯದು. ದೇವಾಲಯದ ಚರಿತ್ರೆಯನ್ನು ತಿಳಿಯಲು ಜ್ಞಾನಸ್ನಾನದ ದಾಖಲೆಗಳಿವೆ, ಗುರುಗಳ ಪತ್ರಗಳಿವೆ. ಮನೆಯ ಚರಿತ್ರೆಯನ್ನು ತಿಳಿಯಲು ಏನಿದೆ? ಮಾಂಯ್ ಹೊಲಿದ ಕೌದಿ ಇದೆ. ಕ್ರಿಸ್ಮಸ್ ಹತ್ತಿರ ಬಂದಾಗ ಅಟ್ಟದಿಂದ ಇಳಿಯುವ ದೊಡ್ಡ ಪಾತ್ರೆ ಇದೆ. ಇವೂ ದಾಖಲೆಗಳೇ. ಓದುವ ಕಣ್ಣು ಬೇಕು, ಅಷ್ಟೆ.

ಸಂತ ಲೂಕರ ಶುಭಸಂದೇಶವನ್ನು ಗಮನಿಸಿ. ಶಿಶು ಯೇಸು ಹುಟ್ಟಿದೊಡನೆ ಮಾತೆ ಮರಿಯ ಮಾಡಿದ ಮೊದಲ ಕೆಲಸ ಯಾವುದು? ಮಗುವನ್ನು ಬಟ್ಟೆಯಲ್ಲಿ ಸುತ್ತಿದ್ದು. ದೇವದೂತರು ಕುರುಬರಿಗೆ ಕೊಟ್ಟ ಗುರುತಿನಲ್ಲಿಯೂ ಆ ಬಟ್ಟೆ ಇದೆ. ಲೋಕರಕ್ಷಕನ ಗುರುತು ಸಿಂಹಾಸನವಲ್ಲ, ಒಬ್ಬ ತಾಯಿ ಸುತ್ತಿದ ಬಟ್ಟೆ. ಹಾಗಿರುವಾಗ ಮನೆಯ ಹೆಂಗಸರ ಕೈಕೆಲಸವನ್ನು ಚಿಕ್ಕ ವಿಷಯ ಎನ್ನಲು ನಮಗೇನು ಅಧಿಕಾರ?

ನಮ್ಮ ಕರಾವಳಿಯ ಬಹುಪಾಲು ಕೊಂಕಣಿ ಕ್ರೈಸ್ತರ ಪೂರ್ವಜರು ಗೋವೆಯಿಂದ ಬಂದವರು. ಬರಗಾಲ, ಯುದ್ಧ, ತೆರಿಗೆಯ ಜೊತೆಗೆ ಇನ್ನೊಂದು ಕಾರಣವೂ ಇತ್ತು. 1560ರಲ್ಲಿ ಗೋವೆಯಲ್ಲಿ ಆರಂಭವಾದ ಇಂಕ್ವಿಸಿಷನ್ ಜನರ ಮನೆಯೊಳಕ್ಕೂ ಕೈ ಹಾಕಿತು. 1684ರಲ್ಲಿ ಪೋರ್ಚುಗೀಸ್ ವೈಸರಾಯ್ ಕೊಂಕಣಿ ಭಾಷೆಯ ಬಳಕೆಯನ್ನೇ ನಿಲ್ಲಿಸಲು ಆಜ್ಞೆ ಹೊರಡಿಸಿದ. 1736ರ ಇಂಕ್ವಿಸಿಷನ್ ಶಾಸನವಂತೂ ಮದುವೆಮನೆಯ ಹಾಡನ್ನು, ಗಂಡಸರ ಧೋತರವನ್ನು, ಹೆಂಗಸರ ಚೋಳಿಯನ್ನು, ಕೊನೆಗೆ ಉಪ್ಪು ಹಾಕದೆ ಅನ್ನ ಬೇಯಿಸುವುದನ್ನು ಸಹ ನಿಷೇಧಿಸಿತು. ಒಂದು ಗಡಿಗೆಯಲ್ಲಿ ಉಪ್ಪಿದೆಯೋ ಇಲ್ಲವೋ ಎಂಬುದು ನ್ಯಾಯಾಲಯದ ವಿಷಯವಾಗಿತ್ತೆಂದರೆ ಆ ಕಾಲದ ಭಯವನ್ನು ಊಹಿಸಿಕೊಳ್ಳಿ. ಇಂಕ್ವಿಸಿಷನ್ ಕೊನೆಗೊಂಡದ್ದು 1812ರಲ್ಲಿ. ಸತ್ಯದ ಹೆಸರಿನಲ್ಲಿ ನಡೆದ ಬಲಾತ್ಕಾರಗಳಿಗಾಗಿ ಜಗದ್ಗುರು ಎರಡನೆಯ ಜಾನ್ ಪೌಲರು 2000ದ ಜುಬಿಲಿ ವರ್ಷದಲ್ಲಿ ದೇವರ ಕ್ಷಮೆ ಬೇಡಿದರು.

ಶಾಸನಗಳು ಗೆದ್ದವೇ? ಇಲ್ಲ. ಕೊಂಕಣಿ ಇಂದಿಗೂ ನಮ್ಮ ಪ್ರಾರ್ಥನೆಯ ಭಾಷೆ. ಮದುವೆಯ ಮುನ್ನ ತೆಂಗಿನ ಹಾಲು ಹಚ್ಚುವ ರೋಸ್ ಉಳಿದಿದೆ, ವೋವಿಯೊ ಹಾಡುಗಳು ಉಳಿದಿವೆ. ಇವನ್ನು ಉಳಿಸಿದವರು ವಿದ್ವಾಂಸರಲ್ಲ, ಮನೆಯ ಹಿರಿಯ ಹೆಂಗಸರು.

ಕ್ರಿಸ್ಮಸ್ ತಿಂಡಿಯ ತಟ್ಟೆಯನ್ನೇ ನೋಡಿ. ಹಬ್ಬದಲ್ಲಿ ನೆರೆಮನೆಗೆ ಕಳಿಸುವ ಈ ತಟ್ಟೆಗೆ ಗೋವೆಯಲ್ಲಿ ಕೊನ್ಸೊವಾದ್ ಎನ್ನುತ್ತಾರೆ, ಮಂಗಳೂರಿನ ಕಡೆ ಕುಸ್ವಾರ್ ಎನ್ನುತ್ತಾರೆ. ನಾವು ಎರಡರ ನಡುವಿನವರು. ಅದರಲ್ಲಿರುವ ನೆವ್ರಿ ಚವತಿಯ ದಿನ ನಮ್ಮ ಹಿಂದೂ ನೆರೆಯವರ ಮನೆಯಲ್ಲಿಯೂ ಆಗುತ್ತದೆ. ಮತ ಬೇರೆಯಾದರೂ ಹೂರಣದ ಕೊಬ್ಬರಿ ಒಂದೇ ತೋಟದ್ದು. ದೋದೊಲ್ ಮಲೇಷ್ಯಾ, ಇಂಡೋನೇಷ್ಯಾದ ಮನೆಗಳಲ್ಲಿಯೂ ಅದೇ ಹೆಸರಿನ ತಿಂಡಿ. ಅದಕ್ಕೆ ಹಾಕುವ ಗೋಡಂಬಿಯ ಮೂಲ ಬ್ರೆಜಿಲ್. ಆ ಮರವನ್ನು ಇಲ್ಲಿಗೆ ತಂದವರು ಪೋರ್ಚುಗೀಸರು. ಅಕ್ಕಿ ಹಿಟ್ಟು, ತೆಂಗಿನ ಹಾಲು, ಬೆಲ್ಲ ನಮ್ಮವು. ಒಂದು ತುಂಡು ದೋದೊಲ್‌ನಲ್ಲಿ ಮೂರು ಖಂಡಗಳ ಚರಿತ್ರೆ!

ಈ ತಿಂಡಿಗಳು ಒಬ್ಬರ ಕೈಯಲ್ಲಿ ಆಗುವಂಥವಲ್ಲ. ದೋದೊಲ್ ಎಣ್ಣೆ ಬಿಟ್ಟು, ಪಾತ್ರೆಯ ತಳ ಬಿಡುವ ತನಕ ಗಂಟೆಗಟ್ಟಲೆ ತಿರುವಬೇಕು. ತೋಳು ಸೋತಾಗ ಸೌಟು ಇನ್ನೊಬ್ಬರ ಕೈಗೆ ಹೋಗಬೇಕು. ಕುಲ್‌ಕುಲ್ ಮಾಡಲು ಮಕ್ಕಳೆಲ್ಲ ಬಾಚಣಿಗೆಯ ಮೇಲೆ ಹಿಟ್ಟು ಒತ್ತಿ ಸುರುಳಿ ಸುತ್ತಲು ಕೂರಬೇಕು. ಮುನಿಸಿಕೊಂಡ ಅತ್ತೆ ಸೊಸೆಯರೂ ಒಂದೇ ಒಲೆಯ ಮುಂದೆ ಕೂರಲೇಬೇಕು. ಆಗಮನ ಕಾಲದ ನಿಜವಾದ ಸಿದ್ಧತೆ ಇದಲ್ಲವೇ?

ಇನ್ನು ಕೌದಿಯ ಮಾತು. ಕೊಂಕಣಿಯಲ್ಲಿ ಅದು ವಾಕಳ್. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು ಹೊಲಿದದ್ದು. ಈ ಕಲೆ ನಮ್ಮ ಜಿಲ್ಲೆಯ ಸಿದ್ದಿ ಸಹೋದರಿಯರ ಕೈಯಲ್ಲಿ ಅಪೂರ್ವ ರೂಪ ಪಡೆದಿದೆ. ಅವರ ಪೂರ್ವಜರು ಆಫ್ರಿಕಾದವರು. ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟದ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಅವರಲ್ಲಿ ಕಥೋಲಿಕರು ಬಹಳ ಮಂದಿ. ಹಿಂದೂ, ಮುಸ್ಲಿಂ ಸಿದ್ದಿಗಳೂ ಇದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆಯಿತು.

ಸಿದ್ದಿ ಹೆಂಗಸರು ಕೌದಿಯನ್ನು ಮೂಲೆಯಿಂದ ಆರಂಭಿಸಿ, ಅಂಚಿನುದ್ದಕ್ಕೂ ಸುತ್ತುತ್ತ, ನಡುವಿನಲ್ಲಿ ಮುಗಿಸುತ್ತಾರೆ. ಕಥೋಲಿಕ ಮನೆಗಳಲ್ಲಿ ಕೆಲವೊಮ್ಮೆ ಶಿಲುಬೆಯ ಆಕಾರವನ್ನೂ ಕೂಡಿಸುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಿಸಿ ಮಾಡಿದ ಹೂವು ಬೇಕು. ಹೂವಿಲ್ಲದ ಕೌದಿ ಬರಿಮೈಯದ್ದು ಎಂಬುದು ಅವರ ಮಾತು. ಕೊನೆಯ ತುಂಡು ಮುಚ್ಚುವ ಮುನ್ನ ನಡುವೆ ಕೆಲವು ಅಕ್ಕಿಕಾಳು ಇಡುವ ರೂಢಿಯೂ ಇದೆ. ಅದಕ್ಕೆ ಹೊಟ್ಟೆ ತುಂಬಿಸುವುದು ಎನ್ನುತ್ತಾರೆ. ಹಸಿವನ್ನು ಕಂಡ ಜನ ಹೊದಿಕೆಯನ್ನೂ ಹಸಿದಿರಲು ಬಿಡಲಿಲ್ಲ!

ಹಳೆಯ ಅಂಗಿಗೆ ಹೊಸ ಬಟ್ಟೆಯ ತೇಪೆ ಹಾಕಿದರೆ ಹರುಕು ಹೆಚ್ಚಾಗುತ್ತದೆ ಎಂದು ಪ್ರಭು ಯೇಸು ಬೋಧಿಸಿದ್ದಾರೆ. ಹೊಸ ಬಟ್ಟೆ ತೊಳೆದಾಗ ಕುಗ್ಗುತ್ತದೆ ಎಂಬ ಮನೆಯ ತಿಳಿವಳಿಕೆ ಅವರಿಗಿತ್ತು. ಕೌದಿಯಲ್ಲಿ ಎಲ್ಲವೂ ಉಟ್ಟು ತೊಳೆದ ಬಟ್ಟೆ, ಆದ್ದರಿಂದ ಜಗ್ಗಾಟ ಕಡಿಮೆ. ತೀರಿಹೋದ ಅಜ್ಜಿಯ ಸೀರೆ, ಅಪ್ಪನ ಅಂಗಿ, ಮಗುವಿನ ಲಂಗ ಒಂದೇ ಹೊದಿಕೆಯಲ್ಲಿ ಜೊತೆಯಾಗುತ್ತವೆ. ಅಗಲಿದವರೂ ಇರುವವರೂ ಒಂದೇ ಕುಟುಂಬ ಎಂಬ ಸಂತರ ಅನ್ಯೋನ್ಯತೆಯ ವಿಶ್ವಾಸವನ್ನು ಇದಕ್ಕಿಂತ ಚೆನ್ನಾಗಿ ಹೇಗೆ ಕಲಿಸುವುದು?

ಮನೆಯೇ ಕೈಬಿಟ್ಟು ಹೋದಾಗ ಇಂಥ ವಸ್ತುಗಳ ಬೆಲೆ ತಿಳಿಯುತ್ತದೆ. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು, 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿತು. ಈ ನಡುವೆ ಕಾರವಾರ, ಅಂಕೋಲಾ ತಾಲೂಕುಗಳ ಸಾವಿರಾರು ಕುಟುಂಬಗಳು ಕಡಲ ಬದಿಯ ಮನೆ, ತೋಟ ಬಿಟ್ಟು ಬಂದವು. ಜಾಗಕ್ಕೆ ಪರಿಹಾರ ಲೆಕ್ಕ ಹಾಕಬಹುದು. ಹಿತ್ತಿಲ ತೆಂಗಿಗೆ, ಹಬ್ಬದ ತಟ್ಟೆ ಕಳಿಸುತ್ತಿದ್ದ ನೆರೆಮನೆಗೆ ಲೆಕ್ಕ ಎಲ್ಲಿದೆ? ಹೊಸ ಕಾಲೊನಿಗೆ ಹೊತ್ತು ತರಲು ಸಾಧ್ಯವಾದದ್ದು ಪಾತ್ರೆ, ಹೊದಿಕೆ ಮತ್ತು ಕೈಯಲ್ಲಿದ್ದ ಕಸುಬು ಮಾತ್ರ.

ಇಂದು ನಮ್ಮನ್ನು ಹೆದರಿಸುವ ಶಾಸನಗಳಿಲ್ಲ. ಬೇಕರಿಯಲ್ಲಿ ತಿಂಡಿ ಸಿದ್ಧವಿದೆ, ಅಂಗಡಿಯಲ್ಲಿ ಅಗ್ಗದ ಕಂಬಳಿ ಇದೆ. ನಿಷೇಧಕ್ಕೆ ಬಗ್ಗದ ರೂಢಿ ಈಗ ಪುರುಸೊತ್ತಿಲ್ಲ ಎಂಬ ಒಂದೇ ಮಾತಿಗೆ ಸಾಯುತ್ತಿದೆ. ಕೊಂಡು ತಿನ್ನುವುದು ಪಾಪವಲ್ಲ. ದುಡಿಯುವ ತಾಯಂದಿರ ಮೇಲೆ ಹೊರೆ ಹೊರಿಸುವುದೂ ಸರಿಯಲ್ಲ. ಆ ಹೊರೆಯನ್ನು ಗಂಡಸರು, ಮಕ್ಕಳು ಹಂಚಿಕೊಳ್ಳಲಿ. ಕಲೆಗೆ ಮರ್ಯಾದೆಯ ಜೊತೆ ಬೆಲೆಯೂ ಸಿಗಲಿ. 2004ರಲ್ಲಿ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಅವರ ನೆರವಿನಿಂದ ಸಿದ್ದಿ ಮಹಿಳೆಯರು ಕೌದಿಯ ಸಹಕಾರ ಸಂಘ ಕಟ್ಟಿದರು. ಅವರ ಕೌದಿಗಳು ಅಮೆರಿಕದಲ್ಲಿ ಪ್ರದರ್ಶನಗೊಂಡವು. ದೂರದವರು ಗುರುತಿಸಿದ್ದನ್ನು ನಾವು ಗುರುತಿಸಬೇಡವೇ?

ಜೊಪ್ಪ ಪಟ್ಟಣದ ತಬಿಥಾ ತೀರಿಕೊಂಡಾಗ ವಿಧವೆಯರು ಸಂತ ಪೇತ್ರರ ಸುತ್ತ ನಿಂತು ಅತ್ತದ್ದನ್ನು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಅವಳ ಒಳ್ಳೆಯತನವನ್ನು ಅವರು ಮಾತಿನಲ್ಲಿ ವರ್ಣಿಸಲಿಲ್ಲ. ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು ತೋರಿಸಿದರು. ಆಕೆಗೆ ಮರಳಿ ಜೀವ ಬಂತು. ನಮ್ಮ ಮನೆಗಳಲ್ಲಿಯೂ ತಬಿಥಾಗಳಿದ್ದಾರೆ. ಈ ಹಬ್ಬಕ್ಕೆ ಅವರ ಬಳಿ ಕುಳಿತು ಒಂದು ಹೊಲಿಗೆ, ಒಂದು ತಿಂಡಿಯನ್ನಾದರೂ ಕಲಿಯೋಣ. ಮಾಡಿದ್ದರಲ್ಲಿ ಮೊದಲ ತಟ್ಟೆ ನೆರೆಮನೆಗೆ ಹೋಗಲಿ.