ಪರಿವರ್ತಕದ ಅಸಹಜ ಸದ್ದು: ತಂಬ್ರಹಳ್ಳಿ ಸೀಮೆಯ ಹಿನ್ನೆಲೆಯಲ್ಲಿ ದೋಷ ಪತ್ತೆಯ ಕ್ರಮ

‘ಟಿ.ಸಿ. ಭಾಳ ಗುಂಯ್‌ಗುಡಾಕತ್ತೈತಿ’ ಎಂಬ ದೂರು ತಂಬ್ರಹಳ್ಳಿಯಂಥ ಪಂಪ್‌ಸೆಟ್ ಸೀಮೆಯಲ್ಲಿ ಹೊಸದಲ್ಲ. ಹೊಲದ ಟಿ.ಸಿ. ಎಂಬ ಚಿಕ್ಕ ಪರಿವರ್ತಕಕ್ಕೂ ಉಪಕೇಂದ್ರದ ದೊಡ್ಡ ಪರಿವರ್ತಕಕ್ಕೂ ಸದ್ದಿನ ಮೂಲ ಒಂದೇ. ಆದರೆ ಸದ್ದು ಜೋರಾದ ಮಾತ್ರಕ್ಕೆ ದೋಷವಿದೆ ಎನ್ನಲಾಗದು. ಅದು ಯಾವುದರ ಜೊತೆ ಏರುತ್ತದೆ, ಯಾವುದರ ಜೊತೆ ಇಳಿಯುತ್ತದೆ ಎಂಬುದನ್ನು ಮೊದಲು ನೋಡಬೇಕು ಎಂಬುದು ಈ ಲೇಖನದ ವಾದ.

ಪರಿವರ್ತಕದ ಕೋರ್ ಸಿಲಿಕಾನ್ ಉಕ್ಕಿನ ತೆಳು ಹಾಳೆಗಳದು. ಕಾಂತಕ್ಷೇತ್ರಕ್ಕೆ ಸಿಕ್ಕ ಈ ಹಾಳೆಗಳ ಉದ್ದ ಮೀಟರಿಗೆ ಕೆಲವೇ ಮೈಕ್ರಾನ್‌ನಷ್ಟು ಬದಲಾಗುತ್ತದೆ. ವಿದ್ಯುತ್ತಿನ ಒಂದು ಆವರ್ತದಲ್ಲಿ ಇದು ಎರಡು ಬಾರಿ ನಡೆಯುವುದರಿಂದ 50 ಹರ್ಟ್ಝ್ ಪೂರೈಕೆಗೆ 100 ಹರ್ಟ್ಝ್‌ನ ಗುಂಯ್‌ಕಾರ ಹುಟ್ಟುತ್ತದೆ. ಅದರ ಗುಣಕಗಳಾದ 200, 300 ಹರ್ಟ್ಝ್‌ಗಳೂ ಬೆರೆತಿರುತ್ತವೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹರಿದ ವಿದ್ಯುತ್ತು 25 ಹರ್ಟ್ಝ್‌ನದು. ಅಂದಿನ ಪರಿವರ್ತಕಗಳ ಶ್ರುತಿ ಇಂದಿನದಕ್ಕಿಂತ ಒಂದು ಸ್ಥಾಯಿ ಕೆಳಗಿದ್ದಿರಬೇಕು.

ಕೋರ್‌ನ ಸದ್ದು ವೋಲ್ಟೇಜನ್ನು ಅನುಸರಿಸುತ್ತದೆ, ಲೋಡನ್ನಲ್ಲ. ಪಂಪ್‌ಸೆಟ್‌ಗಳ ತ್ರೀಫೇಸ್ ಅವಧಿ ಮುಗಿದು ಲೋಡ್ ಒಮ್ಮೆಲೇ ಇಳಿದಾಗ ವೋಲ್ಟೇಜ್ ಏರುತ್ತದೆ. ಟ್ಯಾಪ್ ಇಳಿಸದಿದ್ದರೆ ಕೋರ್ ಜೋರಾಗಿ ಗುಂಯ್‌ಗುಡುತ್ತದೆ. ಸುತ್ತಲೂ ನಿಶ್ಶಬ್ದವಾದ ರಾತ್ರಿ ಅದು ಇನ್ನಷ್ಟು ದೊಡ್ಡದಾಗಿ ಕೇಳಿಸುವುದೂ ಉಂಟು. ವೈಂಡಿಂಗ್‌ನ ಸದ್ದು ಹಾಗಲ್ಲ, ಲೋಡ್ ಏರಿದಂತೆ ಏರುತ್ತದೆ. ಸುರುಳಿಗಳನ್ನು ಬಿಗಿಹಿಡಿದ ಒತ್ತಡ ಸಡಿಲಾದರೆ ಅದೇ ಲೋಡಿಗೆ ಮೊದಲಿಗಿಂತ ಬೇರೆ ದನಿ ಬರುತ್ತದೆ. ಪರಿವರ್ತಕವನ್ನು ಚಾಲೂ ಮಾಡಿದಾಗ ಕೆಲವು ಸೆಕೆಂಡು ಕೇಳುವ ಅಬ್ಬರಕ್ಕೆ ಮಾತ್ರ ಯಾರೂ ಗಾಬರಿಯಾಗಬೇಕಿಲ್ಲ.

ಸದ್ದಿನಲ್ಲಿ 100ರ ಗುಣಕಗಳ ಬದಲು 50 ಅಥವಾ 150 ಹರ್ಟ್ಝ್ ಎದ್ದು ಕಂಡರೆ ಕೋರ್‌ಗೆ ನೇರ ವಿದ್ಯುತ್ತಿನ ಅಂಶ ಸೇರಿದೆಯೇ ಎಂದು ಶಂಕಿಸಬೇಕು. ಮೊಬೈಲಿನ ಧ್ವನಿ ವಿಶ್ಲೇಷಕ ಆ್ಯಪ್ ಕೂಡ ಮೊದಲ ಪರಿಶೀಲನೆಗೆ ಸಾಕು.

ಕಟಕಟ ಸದ್ದಿನ ಕಾರಣ ಬಹಳ ಸಲ ಹೊರಗೇ ಇರುತ್ತದೆ. ಕಂಟ್ರೋಲ್ ಬಾಕ್ಸಿನ ಬಾಗಿಲನ್ನು ಅಂಗೈಯಿಂದ ಒತ್ತಿದ ಕೂಡಲೇ ಸದ್ದು ನಿಂತರೆ ತಪ್ಪು ಚಿಲಕದ್ದು. ದೂಳು ಹಿಡಿದ ಬುಶಿಂಗ್ ಇಬ್ಬನಿಗೆ ಚಿರ್‌ಗುಡುವುದು ಬೆಳಗಿನ ಮಾತು. ಬಿಸಿಲೇರಿದರೆ ಅಡಗುತ್ತದೆ, ಆದರೂ ಬುಶಿಂಗ್ ತೊಳೆಸಬೇಕು. ಟ್ಯಾಂಕಿನೊಳಗಿಂದಲೇ ಪಟಪಟ ಎಂದರೆ ಕಾಯುವಂತಿಲ್ಲ, ಪರಿವರ್ತಕವನ್ನು ಬಂದ್ ಮಾಡಿ ಎಣ್ಣೆಯ ಮಾದರಿ ತೆಗೆಯಬೇಕು. ಎಣ್ಣೆಯಲ್ಲಿ ಕರಗಿದ ಅನಿಲಗಳಲ್ಲಿ ಹೈಡ್ರೋಜನ್ ಪ್ರಧಾನವಾಗಿದ್ದರೆ ಭಾಗಶಃ ವಿಸರ್ಜನೆ (ಪಾರ್ಷಿಯಲ್ ಡಿಸ್ಚಾರ್ಜ್), ಅಸಿಟಿಲೀನ್ ಇದ್ದರೆ ಆರ್ಕಿಂಗ್, ಎಥಿಲೀನ್ ಹೆಚ್ಚಿದ್ದರೆ ವಿಪರೀತ ಕಾವು ಎಂದು ಊಹಿಸಬಹುದು. ಭಾಗಶಃ ವಿಸರ್ಜನೆಯ ಸದ್ದಂತೂ ಬಹುಪಾಲು 20,000 ಹರ್ಟ್ಝ್‌ಗಿಂತ ಮೇಲಿನದು, ನಮ್ಮ ಕಿವಿಗೆ ನಿಲುಕದು. ಹಾಗಾಗಿ ಸದ್ದಿಲ್ಲದ ಪರಿವರ್ತಕ ಆರೋಗ್ಯವಾಗಿದೆ ಎಂದು ನಂಬುವುದು ಸದ್ದಿಗೆ ಹೆದರುವುದಕ್ಕಿಂತ ದೊಡ್ಡ ತಪ್ಪು.

ಉಪಕೇಂದ್ರದ ದಿನಚರಿ ಪುಸ್ತಕದಲ್ಲಿ ವೋಲ್ಟೇಜ್, ಲೋಡ್, ಎಣ್ಣೆಯ ಉಷ್ಣಾಂಶಗಳನ್ನು ತಾಸುತಾಸಿಗೂ ಬರೆಯುತ್ತಾರೆ. ಅದರ ಪಕ್ಕದಲ್ಲೇ ಸದ್ದಿಗೂ ಒಂದು ಕಾಲಂ ಹಾಕಿ, ಪಾಳಿಯಲ್ಲಿರುವ ಆಪರೇಟರ್ ಕೇಳಿದ್ದನ್ನು ತನ್ನ ಮಾತಿನಲ್ಲೇ ಬರೆಯಲು ವಿದ್ಯುತ್ ಕಂಪನಿಗಳಾದ ಜೆಸ್ಕಾಂ ಮತ್ತು ಕೆಪಿಟಿಸಿಎಲ್ ಅವಕಾಶ ಮಾಡಿಕೊಡಬೇಕು.