ತಾಯಂದಿರು ಜೊತೆಗೆ ಬಂದ ದಾರಿ

ನಮ್ಮ ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ. ಕ್ರಿ.ಶ. 850ರ ಸುಮಾರಿನ ಕವಿರಾಜಮಾರ್ಗವು ಕನ್ನಡದ ತಿರುಳಿನ ನಾಡನ್ನು ಗುರುತಿಸುವಾಗ ಕಿಸುವೊಳಲು, ಕೊಪಣ, ಒಂಕುಂದಗಳ ಸಾಲಿನಲ್ಲಿ ಈ ಊರನ್ನೂ ಎಣಿಸಿತು. 941ರಲ್ಲಿ ಪಂಪ ತನ್ನ ಭಾರತವನ್ನು ಪುಲಿಗೆರೆಯ ಕನ್ನಡದಲ್ಲೇ ಬರೆದೆನೆಂದು ಹೇಳಿಕೊಂಡ. ಇಂಥ ನೆಲದಲ್ಲಿ ಕನ್ನಡ ಮಾಸ್ತರನಾಗಿದ್ದ ನನಗೆ ದಿನಾ ಎದುರಾಗುತ್ತಿದ್ದ ಸಂಗತಿಯೆಂದರೆ, ನನ್ನ ಎಷ್ಟೋ ಹುಡುಗರ ಮನೆಮಾತು ಕನ್ನಡವೇ ಅಲ್ಲ. ಬೆಟಗೇರಿಯ ಸಾವಜಿ ನೇಕಾರರದು ಗುಜರಾತಿ, ಮರಾಠಿ ಬೆರೆತ ನುಡಿ. ಹರಣಶಿಕಾರಿಗಳದು ಗುಜರಾತಿಗೆ ಹತ್ತಿರದ ಮಾತು. ಶಿರಹಟ್ಟಿ ಪ್ಯಾಟಿಯ ಹುಡುಗರಲ್ಲಿ ಉರ್ದು. ಕಪ್ಪತಗುಡ್ಡದ ಸುತ್ತ, ದೋಣಿ, ಅತ್ತಿಕಟ್ಟಿ ತಾಂಡಾಗಳಲ್ಲಿ ಲಂಬಾಣಿಗರ ಗೋರ್ ಬೋಲಿ. ಅಲ್ಲಿ ತಾಯಿ ‘ಯಾಡಿ’, ರೊಟ್ಟಿ ‘ಬಾಟಿ’, ನೀರು ‘ಪಾಣಿ’.

ಮುಂಡರಗಿಯ ಶಾಲೆಯಲ್ಲಿ ಒಬ್ಬ ಲಂಬಾಣಿ ಹುಡುಗ ಕೇಳಿದ್ದ: “ಸರ, ನಾವು ರಾಜಸ್ಥಾನದಾಗಿಂದ ಬಂದೇವಂತ. ಖರೇ ಏನ್ರಿ? ಯಾರು ನೋಡ್ಯಾರ್ರಿ?” ಪ್ರಶ್ನೆ ಸಣ್ಣದಲ್ಲ. ನೋಡಿದವರಿಲ್ಲದ ಕಡೆ ಸಾಕ್ಷಿ ಹೇಳುವುದು ಮುಖ್ಯವಾಗಿ ಎರಡು: ಬಾಯೊಳಗಿನ ನುಡಿ, ಮೈಯೊಳಗಿನ ನೆತ್ತರು. ಎರಡೂ ಯಾವಾಗಲೂ ಒಂದೇ ಮಾತು ಹೇಳುವುದಿಲ್ಲ. ಹೇಳದಿದ್ದಾಗಲೇ ಇತಿಹಾಸ ಬಾಯಿಬಿಡುತ್ತದೆ.

ನುಡಿಯ ಸಾಕ್ಷಿ ಸ್ಪಷ್ಟವಾಗಿದೆ. ಗ್ರಿಯರ್ಸನ್ ತನ್ನ ಭಾರತೀಯ ಭಾಷಾ ಸಮೀಕ್ಷೆಯ ಒಂಬತ್ತನೆಯ ಸಂಪುಟದಲ್ಲಿ, 1907ರಲ್ಲಿ, ಲಂಬಾಣಿಗರ ಮಾತನ್ನು ವಿವರಿಸಿದ. ಅದು ರಾಜಸ್ಥಾನಿಯ ಬಳಗಕ್ಕೇ ಸೇರುತ್ತದೆ. ದಾರಿಯ ಸಾಕ್ಷಿಯೂ ಇದೆ. ಎತ್ತಿನ ಹೇರುಗಳಲ್ಲಿ ಧಾನ್ಯ, ಉಪ್ಪು ಸಾಗಿಸುತ್ತಿದ್ದ ಬಂಜಾರರು, ಅಂದರೆ ಲಂಬಾಣಿಗರು, ಮೊಗಲರ ದಂಡಿನ ಹಿಂದೆ ದಖ್ಖನಿಗೆ ಇಳಿದರು. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಇಂಗ್ಲಿಷರ ಪಡೆಗೂ ಅವರೇ ಕಾಳು ಒದಗಿಸಿದರು. ಮರುವರ್ಷ ಇಂಗ್ಲಿಷರ ಸೇನಾನಿ ಆರ್ಥರ್ ವೆಲ್ಲೆಸ್ಲಿ ಬಂಡುಕೋರ ಧೋಂಡಿಯಾ ವಾಘನ ಬೆನ್ನುಹತ್ತಿ ನಮ್ಮ ಸೀಮೆಗೇ ಬಂದ. ಮುಂಡರಗಿ ಬಳಿಯ ಡಂಬಳದ ಕೋಟೆಯನ್ನು 1800ರ ಜುಲೈ 26ರಂದು ಏಣಿ ಹಚ್ಚಿ ಹಿಡಿದ. ಆ ದಂಡಯಾತ್ರೆಯ ಕಾಲದ ಅವನ ಪತ್ರಗಳಲ್ಲಿ ಬಂಜಾರರ ಹೇರುಗಳ ಚಿಂತೆ ಮತ್ತೆ ಮತ್ತೆ ಬರುತ್ತದೆ. ಎತ್ತು ತಡವಾದರೆ ದಂಡಿಗೆ ಉಪವಾಸ. 1880ರ ದಶಕದಲ್ಲಿ ಗದಗಿಗೆ ರೈಲು ಬಂದು ಹೇರಿನ ಕಸುಬು ಮುಗಿಯಿತು. ತಾಂಡಾಗಳು ಗುಡ್ಡದ ಬುಡದಲ್ಲಿ ನೆಲೆನಿಂತವು. ಇತ್ತ 1871ರ ಅಪರಾಧಿ ಬುಡಕಟ್ಟು ಕಾಯ್ದೆ ಅಲೆಮಾರಿಗಳಿಗೆ ಹುಟ್ಟಾ ಅಪರಾಧಿಗಳೆಂಬ ಹಣೆಪಟ್ಟಿ ಕಟ್ಟಿತು. ಬೆಟಗೇರಿಯ ಸೆಟ್ಲಮೆಂಟ್ ಎಂಬ ಹೆಸರು ಆ ಹಣೆಪಟ್ಟಿಯ ಕಾಲದ್ದು.

ಇಷ್ಟು ಅಲೆದಾಟದಲ್ಲೂ ನುಡಿ ಉಳಿದದ್ದು ಹೇಗೆ? ಉತ್ತರಕ್ಕೆ ಉತ್ತರ ಕನ್ನಡದ ಸಿದ್ದಿಗಳ ಕಡೆ ನೋಡಬೇಕು. ಯಲ್ಲಾಪುರ, ಹಳಿಯಾಳದ ಕಾಡಿನ ಸಿದ್ದಿಗಳ ವಂಶವಾಹಿಗಳನ್ನು ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ವಿಜ್ಞಾನಿಗಳು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದರು. ಅವರ ಮೂಲದ ಬಹುಪಾಲು ಆಫ್ರಿಕದ ಬಾಂಟೂ ಜನರದ್ದು. ಇಲ್ಲಿಯವರ ಜೊತೆ ಬೆರೆತದ್ದು ಸುಮಾರು 200 ವರ್ಷಗಳ ಹಿಂದೆ. ಆದರೆ ಮನೆಯಲ್ಲಿ ಆಡುವುದು ಕೊಂಕಣಿ, ಕನ್ನಡ, ಉರ್ದು. ನೆತ್ತರು ಉಳಿಯಿತು, ನುಡಿ ಹೋಯಿತು. ಕಾರಣ ಬಂದ ಬಗೆಯಲ್ಲಿದೆ. ಗುಲಾಮರಾಗಿ ಒಬ್ಬೊಬ್ಬರನ್ನೇ ಕಿತ್ತು ತಂದು ಮಾರಿದರು. ಲಂಬಾಣಿಗರು ಬಂದದ್ದು ತಾಂಡಾ ಸಮೇತ: ಎತ್ತು, ಗುಡಾರ, ನಾಯಕ, ಹೆಂಡಿರು, ಮಕ್ಕಳು. ಕೂಸಿಗೆ ಮಾತು ಕಲಿಸುವ ತಾಯಿ ಅದೇ ದಾರಿಯಲ್ಲಿ ನಡೆದು ಬಂದಳು. ಕೈಮಗ್ಗವೂ ಹಾಗೆಯೇ, ನೂಲು ಸುತ್ತುವ ಹೆಂಗಸರಿಲ್ಲದೆ ನಡೆಯದು. ಲಾಟ ದೇಶದ ಪಟ್ಟೆ ನೇಕಾರರು ದಶಪುರಕ್ಕೆ ಮಕ್ಕಳು, ಬಂಧುಗಳೊಂದಿಗೆ ವಲಸೆ ಬಂದುದನ್ನು ಐದನೆಯ ಶತಮಾನದ ಮಂದಸೋರ್ ಶಾಸನ ಹೇಳುತ್ತದೆ. ನರ್ಮದೆಯ ಮಾಹಿಷ್ಮತಿಯನ್ನು ಮೂಲವೆಂದು ನೆನೆಯುವ ಬೆಟಗೇರಿಯ ನೇಕಾರರೂ ಮಗ್ಗದ ಮನೆಯಲ್ಲೇ ನುಡಿ ಉಳಿಸಿಕೊಂಡರು. ಅದೇ ಲಕ್ಷ್ಮೇಶ್ವರಕ್ಕೆ ಮಿರಜ ಸಂಸ್ಥಾನದ ಕಾಲದಲ್ಲಿ ಬಂದ ಮರಾಠಿ ಕಚೇರಿಯ ಮಾತಾಗಿ ಕಾಗದಪತ್ರಗಳಲ್ಲಿ ಕುಳಿತಿತು. ಸಾಮಾನ್ಯರ ಅಡುಗೆಮನೆಗೆ ಇಳಿಯಲಿಲ್ಲ.

ತಾಯಿ ಇದ್ದರಷ್ಟೇ ಸಾಲದು ಎಂಬುದಕ್ಕೆ ಫಿಲಿಪ್ಪೀನ್ಸ್ ಉದಾಹರಣೆ. 2021ರಲ್ಲಿ ಅಲ್ಲಿಯ 115 ಮೂಲನಿವಾಸಿ ಸಮುದಾಯಗಳ 1,028 ಜನರ ವಂಶವಾಹಿ ನೋಡಿದ ಅಧ್ಯಯನ, ಕಳೆದ 50,000 ವರ್ಷಗಳಲ್ಲಿ ಕನಿಷ್ಠ ಐದು ದೊಡ್ಡ ವಲಸೆಗಳನ್ನು ಗುರುತಿಸಿತು. ಎಲ್ಲರಿಗಿಂತ ಮೊದಲು ಬಂದವರ ಪೀಳಿಗೆ ಆಯ್ತಾ ಮೊದಲಾದವರು. ಆದರೆ ಇವರು ಇಂದು ಆಡುವುದು ತೈವಾನಿನ ಕಡೆಯಿಂದ ಆಮೇಲೆ ಬಂದ ಆಸ್ಟ್ರೊನೇಷ್ಯನ್ ನುಡಿಗಳನ್ನೇ. ಅವರ ಮೊದಲ ಮಾತು ಏನಿತ್ತೋ, ಅಳಿಯಿತು. ಸಣ್ಣ ಗುಂಪುಗಳಾಗಿ ಚದುರಿ ನೆರೆಯವರೊಂದಿಗೆ ಕೊಡುಕೊಳ್ಳುವವರಿಗೆ ನೆರೆಯವರ ನುಡಿಯೇ ಗತಿ. ಲಂಬಾಣಿಗರಿಗೆ ಮುಂಡರಗಿಯಿಂದ ಬೇರಾರವರೆಗೆ ತಾಂಡಾದಿಂದ ತಾಂಡಾಕ್ಕೆ ಬೀಗತನವಿತ್ತು. ರಾಠೋಡರು ಪವಾರರಿಗೆ, ಚವ್ಹಾಣರು ರಾಠೋಡರಿಗೆ ಹೆಣ್ಣು ಕೊಟ್ಟರು. ನುಡಿ ಮದುವೆಯ ಹಾದಿಯಲ್ಲಿ ಸುತ್ತುತ್ತಲೇ ಇತ್ತು.

ಒಳಮದುವೆಯ ಕತೆ ಇಡೀ ದೇಶದ್ದು. 2013ರಲ್ಲಿ ಮೂರ್ಜಾನಿ, ತಂಗರಾಜ್ ಮೊದಲಾದ ವಿಜ್ಞಾನಿಗಳು 73 ಗುಂಪುಗಳ ವಂಶವಾಹಿಗಳನ್ನು ನೋಡಿ, ಭಾರತದ ಎರಡು ಪ್ರಾಚೀನ ಮೂಲಗಳು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಧಾರಾಳವಾಗಿ ಬೆರೆತು, ಆಮೇಲೆ ಬೆರಕೆ ವಿರಳವಾಯಿತೆಂದರು. ಅಂದರೆ ಕನ್ನಡದ ತಿರುಳಿನವರು ನಾವೆಂದು ಮೀಸೆ ತಿರುವುವ ಲಕ್ಷ್ಮೇಶ್ವರದವರೂ ಬೆರಕೆಯವರೇ. ಹಾಗೆಯೇ ಯುರೋಪಿನ ರೋಮಾ ಜನರು ಲಂಬಾಣಿಗರ ಅಣ್ಣತಮ್ಮಂದಿರೆಂಬ ವೇದಿಕೆಯ ಮಾತನ್ನೂ ತೂಗಿ ನೋಡಬೇಕು. ರೋಮಾಗಳು ವಾಯವ್ಯ ಭಾರತದವರೆಂದು 2012ರ ಅಧ್ಯಯನ ಹೇಳಿತು, ಆದರೆ ಹೊರಟದ್ದು ಸುಮಾರು 1,500 ವರ್ಷಗಳ ಹಿಂದೆ. ದೂರದ ನೆಂಟಸ್ತನಕ್ಕೆ ಇದು ಸಾಕು, ಅಣ್ಣತಮ್ಮಿಕೆಗೆ ಸಾಲದು.

ಆ ಹುಡುಗನಿಗೆ ನಾನು ಹೇಳಿದ್ದು: “ಖರೇ ಐತಿ. ನಿಮ್ಮ ಯಾಡಿಯ ಬಾಯೇ ಸಾಕ್ಷಿ.” ಈಗ ಅದೇ ತಾಂಡಾಗಳಿಂದ ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುತ್ತಾರೆ. ಹೋಗುವುದು ಹೆಚ್ಚಾಗಿ ಮತ್ತೆ ಮನೆಮಂದಿಯೆಲ್ಲ. ಆದ್ದರಿಂದ ಗೋರ್ ಬೋಲಿಯ ಬಗ್ಗೆ ನನಗೆ ಅಂಥ ಆತಂಕವಿಲ್ಲ. ಆ ಮಕ್ಕಳಿಗೆ ತಪ್ಪಿಹೋಗುವುದು ಕನ್ನಡ. ಅವರಿಗೆ ಅದು ತಾಯಿಯಿಂದ ಬಂದದ್ದಲ್ಲ, ಸಾಲಿಯಿಂದ ಬಂದದ್ದು. ಸಾಲಿ ಗುಳೆ ಹೋಗುವುದಿಲ್ಲ. ಪುಲಿಗೆರೆಯ ಹೆಮ್ಮೆ ಹೇಳಿಕೊಳ್ಳುವ ನಾವು ಮೊದಲು ಮಾಡಬೇಕಾದ ಕೆಲಸವೆಂದರೆ, ತಾಯಂದಿರು ಹೊರಟಾಗ ಊರಲ್ಲಿ ಉಳಿಯುವ ಮಕ್ಕಳಿಗೆ ವಸತಿಶಾಲೆ, ಜೊತೆಗೆ ಹೋಗುವವರಿಗೆ ಕೆಲಸದ ಜಾಗದಲ್ಲೇ ಒಬ್ಬ ಕನ್ನಡ ಮಾಸ್ತರ.